ಕೊಬ್ಬು ಕಡಿಮೆಯಾದರೂ ರಸ ಉಳಿಯಲಿ: ಒಂದು ಬರ್ಗರ್ ಕಲಿಸಿದ ಪಾಠ

ಕಳೆದ ವರ್ಷ ಅಬ್ಬಾರ ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ ಹೆಚ್ಚಿದೆ ಎಂದು ಬಂತು. ಎಣ್ಣೆ, ಕೊಬ್ಬು ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿದರು. ಅಂದಿನಿಂದ ಅಬ್ಬಾರ ತಟ್ಟೆ ಬೇರೆಯಾಯಿತು. ನಾವು ನಾಲ್ವರು ಒಂದು ಕಡೆ ಕುಳಿತು ಬರ್ಗರ್ ತಿನ್ನುವಾಗ ಅವರ ಮುಂದೆ ಚಪಾತಿ, ಬೇಯಿಸಿದ ತರಕಾರಿ. ಅವರು ಏನೂ ಅನ್ನುತ್ತಿರಲಿಲ್ಲ. ಆದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಹಾಗಾಗಿ ಒಂದು ಭಾನುವಾರ ಚರ್ಮ ತೆಗೆದ ಕೋಳಿ ಎದೆಮಾಂಸದ ಖೀಮಾ ತಂದು ನಾನೇ ಬರ್ಗರ್ ಮಾಡಿದೆ. ಉಪ್ಪು ಹಾಕಿ ಚಪಾತಿ ಹಿಟ್ಟಿನಂತೆ ಚೆನ್ನಾಗಿ ನಾದಿದೆ. ತವಾದ ಮೇಲೆ ಸಟ್ಟುಗದಿಂದ ಒತ್ತಿ ಒತ್ತಿ ಬೇಯಿಸಿದೆ. ಹಸಿ ಉಳಿದೀತೆಂಬ ಭಯಕ್ಕೆ ಇನ್ನೂ ಹತ್ತು ನಿಮಿಷ ಬಿಟ್ಟೆ. ಅಬ್ಬಾ ಒಂದು ತುಂಡು ಕಚ್ಚಿ ನೀರು ಕುಡಿದು, "ಚೆನ್ನಾಗಿದೆ ಬೇಟಾ" ಅಂದರು. ತಮ್ಮ ಮಾತ್ರ ನಿಜ ಹೇಳಿದ: "ಇದು ಬರ್ಗರ್ ಅಲ್ಲ ಅಕ್ಕಾ, ರಬ್ಬರ್."

ತಪ್ಪು ಎಲ್ಲಿತ್ತು?

ಉತ್ತರದ ಒಂದು ಭಾಗ ನಮ್ಮ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪುಸ್ತಕದಲ್ಲೇ ಇತ್ತು. ಮೊಟ್ಟೆಯ ಬಿಳಿಭಾಗ ಬಿಸಿಯಾದಾಗ ಗಟ್ಟಿಯಾಗುವುದನ್ನು ಪ್ರೋಟೀನಿನ ಡಿನೇಚುರೇಷನ್‌ಗೆ ಉದಾಹರಣೆಯಾಗಿ ಓದಿದ್ದೇವಲ್ಲ? ಮಾಂಸದಲ್ಲೂ ಅದೇ ನಡೆಯುತ್ತದೆ. ಹಸಿ ಎದೆಮಾಂಸದ ತೂಕದಲ್ಲಿ ಸುಮಾರು ಮುಕ್ಕಾಲು ಭಾಗ ನೀರು. ಬಿಸಿ ಏರಿದಂತೆ ಪ್ರೋಟೀನ್ ಎಳೆಗಳು ಕುಗ್ಗಿ, ಒದ್ದೆ ಬಟ್ಟೆ ಹಿಂಡಿದಂತೆ ಆ ನೀರನ್ನು ಹೊರಹಾಕುತ್ತವೆ. ಖೀಮಾದಲ್ಲಿ ಕೊಬ್ಬು ಇದ್ದರೆ ಅದು ಕರಗಿ ಬಾಯಿಗೆ ಮೆತ್ತಗೆನಿಸಿ ಈ ಒಣಗುವಿಕೆಯನ್ನು ಮರೆಮಾಚುತ್ತದೆ. ಕೊಬ್ಬು ತೆಗೆದ ಮೇಲೆ ಮರೆಮಾಚಲು ಏನೂ ಇರುವುದಿಲ್ಲ. ಆದ್ದರಿಂದ ನೀರನ್ನು ಒಳಗೇ ಹಿಡಿದಿಡುವ ದಾರಿ ಹುಡುಕಬೇಕು.

ನಾದಿದ್ದು ಇನ್ನೊಂದು ತಪ್ಪು. ಉಪ್ಪು ಮಯೋಸಿನ್ ಎಂಬ ಪ್ರೋಟೀನನ್ನು ಕರಗಿಸಿ ಅಂಟಿನಂತೆ ಮಾಡುತ್ತದೆ. ಸಾಸೇಜ್‌ಗೆ ಅದು ಬೇಕು, ಬರ್ಗರ್‌ಗೆ ಬೇಡ.

ಲೆಕ್ಕ

ಬರ್ಗರ್‌ಗೆ ಸಾಮಾನ್ಯವಾಗಿ ಶೇ. 20ರಷ್ಟು ಕೊಬ್ಬಿರುವ ಖೀಮಾ ಬಳಸುತ್ತಾರೆ. 500 ಗ್ರಾಂನಲ್ಲಿ 100 ಗ್ರಾಂ ಕೊಬ್ಬು. ಐದು ಪ್ಯಾಟಿ ಮಾಡಿದರೆ ತಲಾ 20 ಗ್ರಾಂ. ಒಂದು ಗ್ರಾಂ ಕೊಬ್ಬಿಗೆ 9 ಕಿಲೋ ಕ್ಯಾಲೊರಿಯಂತೆ, ಕೊಬ್ಬಿನಿಂದಲೇ 180. ಎದೆಮಾಂಸದಲ್ಲಿ ಕೊಬ್ಬು ಸುಮಾರು ಶೇ. 3 ಎಂದಿಟ್ಟುಕೊಂಡರೆ ಪ್ಯಾಟಿಗೆ 3 ಗ್ರಾಂ, ಅಂದರೆ 27. ಬಳಸುವ ಎರಡು ಚಮಚ ಎಣ್ಣೆಯನ್ನು ಸೇರಿಸಿದರೂ ಪ್ಯಾಟಿಗೆ 5 ಗ್ರಾಂ ಆಸುಪಾಸು. ಆದರೆ ಒಂದು ಎಚ್ಚರಿಕೆ: ಮಯೋನೀಸ್ ಬಹುಪಾಲು ಎಣ್ಣೆಯೇ. ಎರಡು ದೊಡ್ಡ ಚಮಚ ಸವರಿದರೆ ಉಳಿಸಿದ್ದೆಲ್ಲ ವಾಪಸ್ ಬಂದಂತೆ.

ಬೇಕಾಗುವ ಸಾಮಾನು (ಐದು ಬರ್ಗರ್‌ಗೆ)

ಚರ್ಮ ತೆಗೆದ ಕೋಳಿ ಎದೆಮಾಂಸದ ಖೀಮಾ 500 ಗ್ರಾಂ, ಬ್ರೆಡ್ ಎರಡು ಹೋಳು, ಕೆನೆ ತೆಗೆದ ಹಾಲು ಕಾಲು ಕಪ್, ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು, ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ, ಕೊತ್ತಂಬರಿ ಸೊಪ್ಪು, ಉಪ್ಪು ಮುಕ್ಕಾಲು ಚಮಚ, ಎಣ್ಣೆ ಎರಡು ಚಮಚ. ಚಮಚ ಎಂದರೆ ಟೀ ಚಮಚ. ಅಂಗಡಿಯಲ್ಲಿ ಚರ್ಮ ಸೇರಿಸದೆ ಕಣ್ಣೆದುರೇ ಖೀಮಾ ಮಾಡಿಸಿಕೊಳ್ಳಿ.

ಮಾಡುವ ವಿಧಾನ

1. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಕಿವುಚಿ. ಇದೇ ಇಡೀ ಪಾಠದ ತಿರುಳು. ಬ್ರೆಡ್ಡಿನ ಪಿಷ್ಟ ಹಾಲನ್ನು ಹಿಡಿದುಕೊಂಡು ಪ್ರೋಟೀನ್ ಎಳೆಗಳ ನಡುವೆ ನಿಲ್ಲುತ್ತದೆ. ಎಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟುವುದಿಲ್ಲ, ನೀರೂ ಉಳಿಯುತ್ತದೆ.

2. ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ ಪೂರ್ತಿ ಆರಿಸಿ.

3. ಖೀಮಾಕ್ಕೆ ಉಪ್ಪು ಬಿಟ್ಟು ಎಲ್ಲವನ್ನೂ ಹಾಕಿ, ಬೆರಳ ತುದಿಯಿಂದ ಹಗುರವಾಗಿ ಬೆರೆಸಿ. ಬೆರೆತ ಕೂಡಲೇ ನಿಲ್ಲಿಸಿ.

4. ಎರಡು ಸೆಂಟಿಮೀಟರ್ ದಪ್ಪದ ಐದು ಪ್ಯಾಟಿ ತಟ್ಟಿ, ನಡುವೆ ಹೆಬ್ಬೆರಳಿನಿಂದ ಸಣ್ಣ ಗುಳಿ ಮಾಡಿ. ಬೇಯುವಾಗ ಅಂಚು ಕುಗ್ಗಿ ನಡುಭಾಗ ಉಬ್ಬುತ್ತದೆ. ಗುಳಿ ಇದ್ದರೆ ಸಮವಾಗಿರುತ್ತದೆ, ಒತ್ತಬೇಕೆನಿಸುವುದಿಲ್ಲ. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

5. ತವಾಕ್ಕೆ ಹಾಕುವ ಮುಂಚೆ ಎರಡೂ ಬದಿಗೆ ಉಪ್ಪು ಉದುರಿಸಿ. ಉಳಿದ ಒಂದು ಚಮಚ ಎಣ್ಣೆ ಸವರಿ, ಮಧ್ಯಮ ಉರಿಯಲ್ಲಿ ಒಂದೊಂದು ಬದಿ ಐದಾರು ನಿಮಿಷ ಬೇಯಿಸಿ. ಮಗುಚಿದ ಮೇಲೆ ಮುಚ್ಚಳ ಮುಚ್ಚಿ. ಸಟ್ಟುಗದಿಂದ ಒತ್ತಬೇಡಿ. ಒತ್ತಿದಾಗ ಬರುವ ಚುಂಯ್ ಸದ್ದು ರಸ ಹೊರಹೋಗುವ ಸದ್ದು.

6. ಕೋಳಿಮಾಂಸ ಹಸಿ ಉಳಿಯಬಾರದು. ನಡುಭಾಗ 74 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ ಉತ್ತಮ. ಇಲ್ಲದಿದ್ದರೆ ಒಂದನ್ನು ಕತ್ತರಿಸಿ ನೋಡಿ, ಗುಲಾಬಿ ಬಣ್ಣ ಕಂಡರೆ ಇನ್ನಷ್ಟು ಬೇಯಿಸಿ. ನಮ್ಮ ಲ್ಯಾಬಿನ ಥರ್ಮಾಮೀಟರ್ ತರಲೇ ಎಂದು ನಾನು ಕೇಳಿ ಮೇಡಂ ಬಳಿ ಬೈಸಿಕೊಂಡಿದ್ದೇನೆ. ಗಾಜಿನೊಳಗಿನ ಪಾದರಸ ವಿಷ. ನೀವು ಕೇಳಲೂ ಹೋಗಬೇಡಿ.

7. ಇಳಿಸಿ ಮೂರು ನಿಮಿಷ ಬಿಟ್ಟು ಬನ್ನಿನಲ್ಲಿಡಿ. ಮಯೋನೀಸ್ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಪುದೀನ, ಬೆಳ್ಳುಳ್ಳಿ, ನಿಂಬೆರಸ ಸೇರಿಸಿ ಸವರಿ. ಸೌತೆ, ಟೊಮೆಟೊ, ಈರುಳ್ಳಿ ಧಾರಾಳವಾಗಿರಲಿ.

ಹಸಿ ಮಾಂಸ ಮುಟ್ಟಿದ ಕೈ, ಚಾಕು, ಮಣೆಯನ್ನು ಸೋಪಿನಿಂದ ತೊಳೆದ ಮೇಲೆಯೇ ಸೌತೆಕಾಯಿ ಹೆಚ್ಚಿ.

ಎರಡನೇ ಪ್ರಯತ್ನದಲ್ಲೂ ಒಂದು ಪ್ಯಾಟಿ ಮುರಿಯಿತು. ಮೂರನೆಯ ಭಾನುವಾರ ಸರಿಯಾಯಿತು. ಇದೇನೂ ಔಷಧಿಯಲ್ಲ. ಅಬ್ಬಾರ ಮಾತ್ರೆ, ಬೆಳಗಿನ ನಡಿಗೆ ಈಗಲೂ ಇವೆ. ಬರ್ಗರ್ ಕೂಡ ತಿಂಗಳಿಗೆ ಎರಡು ಬಾರಿ ಮಾತ್ರ. ಆದರೆ ಆ ದಿನ ದಾದಿ ಐದೂ ಬರ್ಗರ್‌ಗಳನ್ನು ಒಂದೇ ದೊಡ್ಡ ತಟ್ಟೆಯಲ್ಲಿಟ್ಟು ನಡುವೆ ತಂದಿಟ್ಟರು. ಅಬ್ಬಾ ನಮ್ಮ ಜೊತೆಗೇ ಕುಳಿತು ತಿಂದರು. ಈ ಸಲ ನೀರು ಕೇಳಲಿಲ್ಲ.