ಪ್ರಾರ್ಥನೆ ಮಾಡಿದ ಮೇಲೂ ಎಚ್ಚರಿಕೆ ಬೇಕಾ?

ಇವತ್ತಿನ ಪಾಠ ನಾನು ಹಿಮದಲ್ಲಿ ಕಲಿತದ್ದು.

ಹೋದ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ಗೆ ಹೋಗಿದ್ದೆ. ಔಲಿಯಲ್ಲಿ ಮೊದಲೇ ಸ್ವಲ್ಪ ಸ್ಕೀಯಿಂಗ್ ಕಲಿತಿದ್ದೆ. ಆ ಧೈರ್ಯದಲ್ಲಿ ಒಬ್ಬ ಗೈಡ್ ಜೊತೆ ಸ್ಕೀ ಟೂರಿಂಗ್‌ಗೆ ಹೊರಟೆ. ಇದರಲ್ಲಿ ಲಿಫ್ಟ್ ಇಲ್ಲ. ಸ್ಕೀ ಅಡಿಗೆ ‘ಸ್ಕಿನ್’ ಅನ್ನೋ ಪಟ್ಟಿ ಅಂಟಿಸ್ತಾರೆ. ಅದರ ಕೂದಲು ಹಿಂದಕ್ಕೆ ಬಾಗಿರೋದ್ರಿಂದ ಸ್ಕೀ ಮುಂದಕ್ಕೆ ಜಾರುತ್ತೆ, ಹಿಂದಕ್ಕೆ ಜಾರಲ್ಲ. ಹಾಗೇ ನಡೆದು ಹತ್ತಬೇಕು. ಇಳಿಯುವಾಗ ಪಟ್ಟಿ ತೆಗೆದು ಜಾರಬೇಕು.

ಹೊರಡೋ ಮುಂಚೆ ಗೈಡ್ ಮೂರು ಸಾಮಾನು ಕೊಟ್ಟರು. ಹಿಮದಡಿ ಹೂತವರ ಸಿಗ್ನಲ್ ಹಿಡಿಯೋ ಟ್ರಾನ್ಸೀವರ್, ಚುಚ್ಚಿ ಜಾಗ ಪತ್ತೆ ಮಾಡೋ ಉದ್ದ ಕೋಲು, ಅಗೆಯೋಕೆ ಸಲಿಕೆ. ಅಭ್ಯಾಸಕ್ಕೆ ಅಂತ ಇನ್ನೊಂದು ಟ್ರಾನ್ಸೀವರ್ ಹೂತಿಟ್ಟರು. ಅದನ್ನ ಹೊರಗೆ ತೆಗೆಯೋಕೆ ನನಗೆ 18 ನಿಮಿಷ ಬೇಕಾಯ್ತು.

ಆ ದಿನದ ಹಿಮಕುಸಿತದ ಮುನ್ಸೂಚನೆ 3ನೇ ಹಂತ. ಐದರಲ್ಲಿ ಮೂರು ತಾನೇ, ಪರವಾಗಿಲ್ಲ ಅಂದುಕೊಂಡೆ. ಆದರೆ ಆ ದೇಶದಲ್ಲಿ ಹಿಮಕುಸಿತದಿಂದ ಅತಿ ಹೆಚ್ಚು ಸಾವು ಆಗೋದು ಈ ಹಂತದಲ್ಲೇ.

ಎರಡು ಗಂಟೆ ಹತ್ತಿದ ಮೇಲೆ ಕಾಲ ಕೆಳಗೆ ‘ಧುಮ್’ ಅಂತ ಶಬ್ದ. ಹಿಮದೊಳಗಿನ ದುರ್ಬಲ ಪದರ ಕುಸಿದಿತ್ತು. ಮುಂದಿನ ಇಳಿಜಾರು 30 ಡಿಗ್ರಿಗಿಂತ ಕಡಿದು. ಗೈಡ್ “ವಾಪಸ್ ಹೋಗೋಣ” ಅಂದರು. ತುದಿ ಕಣ್ಣೆದುರೇ ಇತ್ತು. ನಾನು “ಬೆಳಿಗ್ಗೆ ಪ್ರಾರ್ಥನೆ ಮಾಡಿದ್ದೀನಿ, ದೇವರು ಕಾಯ್ತಾರೆ” ಅಂದೆ.

ಅವರು ಸಮಾಧಾನವಾಗಿ ಕೇಳಿದರು: “ನಾನು ಹೂತುಹೋದ್ರೆ ಎಷ್ಟು ನಿಮಿಷದಲ್ಲಿ ತೆಗೀತೀರಿ?”

ನನಗೆ ಮಾತೇ ಹೊರಡಲಿಲ್ಲ. ಹತ್ತು ಹದಿನೈದು ನಿಮಿಷ ದಾಟಿದರೆ ಹೂತವರು ಬದುಕೋ ಸಾಧ್ಯತೆ ಬೇಗ ಬೇಗ ಇಳಿದುಹೋಗುತ್ತೆ. ರಕ್ಷಣಾ ತಂಡ ಬರೋವರೆಗೆ ಕಾಯೋಕಾಗಲ್ಲ, ಜೊತೆಯವನೇ ಅಗೆಯಬೇಕು. ನಾನು ನನ್ನ ವಿಶ್ವಾಸ ಅಂದುಕೊಂಡಿದ್ದು ಇನ್ನೊಬ್ಬರ ಜೀವವನ್ನ ಪಣಕ್ಕಿಟ್ಟಿತ್ತು.

ನೋಡಿ, ದೇವಾಲಯದ ಶಿಖರದಿಂದ ಧುಮುಕು ಅಂತ ಸೈತಾನ ಹೇಳಿದಾಗ ಯೇಸುಸ್ವಾಮಿ ಧುಮುಕಲಿಲ್ಲ. ತಂದೆಯ ಮೇಲೆ ನಂಬಿಕೆ ಇರಲಿಲ್ಲ ಅಂತನಾ? ಅಲ್ಲ. ನಂಬಿದವರನ್ನ ಪರೀಕ್ಷೆ ಮಾಡಬೇಕಾಗಿಲ್ಲ.

ನಾವು ಹತ್ತಿದ ಜಾಡಲ್ಲೇ ಇಳಿದೆವು. ಆ ಇಳಿಜಾರು ನಮ್ಮ ಕಣ್ಣೆದುರು ಕುಸಿಯಲಿಲ್ಲ. ಹಾಗಾಗಿ ಇದು ಅದ್ಭುತದ ಸಾಕ್ಷಿ ಅಲ್ಲ. ಆದರೆ ಬೆಳಗಿನ ನನ್ನ ಪ್ರಾರ್ಥನೆಗೆ ಉತ್ತರ ಆ ಗೈಡ್ ಬಾಯಿಂದ ಬಂತು ಅಂತ ನಂಬ್ತೀನಿ. ನಾನು ಅದನ್ನ ತಳ್ಳಿಹಾಕೋದರಲ್ಲಿದ್ದೆ.

ಪ್ರಿಯರೇ, ನಿಮ್ಮ ಧೈರ್ಯದ ಬೆಲೆ ಯಾರು ಕೊಡ್ತಾರೆ? ಈ ವಾರ ಯೋಚಿಸಿ. ಆಮೆನ್.