ಸರಕಿನ ದೋಷ ಮತ್ತು ಸತ್ಯವಿಶ್ವಾಸಿಯ ಹೊಣೆ

ನನ್ನ ತರಗತಿಯ ಬಾಲಕನೊಬ್ಬನಿಗೆ ಅವನ ತಂದೆ ಹೊಸ ಸೈಕಲ್ ಕೊಡಿಸಿದ್ದರು. ನಾಲ್ಕು ತಿಂಗಳೊಳಗೆ ಹ್ಯಾಂಡಲ್‌ನ ಕೆಳಗೆ, ಫ್ರೇಮಿನ ಬೆಸುಗೆಯ ಬಳಿ, ಕೂದಲೆಳೆಯಂತಹ ಗೆರೆ ಕಾಣಿಸಿತು. ಕೆಲವೇ ದಿನಗಳಲ್ಲಿ ಅದರಿಂದ ತುಕ್ಕು ಇಣುಕಿತು. ಅಂಗಡಿಯವರು ಕಂಪೆನಿಯವರನ್ನು ಕೇಳಿ ಎಂದರು. ಕಂಪೆನಿಯವರು ಅಂಗಡಿಯವರನ್ನು ಕೇಳಿ ಎಂದರು. ಬೇಸತ್ತ ಆ ತಂದೆ ನನ್ನಲ್ಲಿ ಕೇಳಿದರು: “ಉಸ್ತಾದರೇ, ಬೆಸುಗೆ ಹಾಕಿಸಿ, ಬಣ್ಣ ಬಳಿದು ಬೇರೆ ಯಾರಿಗಾದರೂ ಮಾರಿಬಿಡಲೇ?”

ಈ ಪ್ರಶ್ನೆ ನಮ್ಮೆಲ್ಲರ ಮುಂದೆಯೂ ಇದೆ. ಮೋಸ ಹೋದವನು ಮೋಸ ಮಾಡಬಹುದೇ?

ಪ್ರವಾದಿ(ಸ)ಯವರು ಮದೀನಾದ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳುಗಳು ಒದ್ದೆಯಾದವು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದನು. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಕೇಳಿದ ಪ್ರವಾದಿ(ಸ)ಯವರು, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಅಬೂಹುರೈರಾ(ರ)ರಿಂದ ಇದು ವರದಿಯಾಗಿದೆ. ಧಾನ್ಯ ಒದ್ದೆಯಾದುದು ಅಲ್ಲಿ ತಪ್ಪಾಗಿರಲಿಲ್ಲ, ಅದನ್ನು ಮರೆಮಾಡಿದುದು ತಪ್ಪಾಗಿತ್ತು. ಬಿರುಕಿನ ಮೇಲೆ ಬಣ್ಣ ಬಳಿಯುವುದೂ ಅದೇ ಅಲ್ಲವೇ? ಅಷ್ಟೇ ಅಲ್ಲ, ಕದ್ರಿಯ ಇಳಿಜಾರಿನಲ್ಲಿ ಆ ಫ್ರೇಮು ಮುರಿದರೆ ಬೀಳುವುದು ಇನ್ನೊಬ್ಬರ ಮಗು.

ಹಾಗೆಂದು ನಷ್ಟವನ್ನು ಸುಮ್ಮನೆ ನುಂಗಬೇಕೆಂದು ಇಸ್ಲಾಮ್ ಹೇಳುವುದಿಲ್ಲ. ಕೈಗೆ ಬರುವ ಮೊದಲೇ ಸರಕಿನಲ್ಲಿದ್ದ ದೋಷ ಆಮೇಲೆ ತಿಳಿದುಬಂದರೆ ಅದನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ಶಾಫಿಈ ಮದ್‌ಹಬ್‌ನ ಪ್ರಕಾರ ದೋಷ ತಿಳಿದೊಡನೆ ತಡಮಾಡದೆ ಹಿಂದಿರುಗಿಸಬೇಕು. ತಿಳಿದ ಬಳಿಕವೂ ಬಳಸುತ್ತಿದ್ದರೆ ಆ ಹಕ್ಕು ಕೈತಪ್ಪುತ್ತದೆ. ಆದ್ದರಿಂದ ಬಿರುಕು ಕಂಡ ದಿನವೇ ಸೈಕಲ್ ತುಳಿಯುವುದನ್ನು ನಿಲ್ಲಿಸಬೇಕು. ಬಿಲ್ಲು ಜೋಪಾನವಾಗಿಟ್ಟು, ಫೋಟೋ ತೆಗೆದು, ಅಂಗಡಿಗೂ ಕಂಪೆನಿಗೂ ಲಿಖಿತವಾಗಿ ತಿಳಿಸಬೇಕು.

ದೇಶದ ಕಾನೂನೂ ನೆರವಿಗಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಬದಲಿಗೆ 2019ರ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಬಿಲ್ಲು ಕೊಡದಿರುವುದು ಅದರಂತೆ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹೇಳಿರದಿದ್ದರೆ 30 ದಿನಗಳೊಳಗೆ, ದೋಷಯುಕ್ತ ಸರಕನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಹಾಗೆಯೇ. ಕಂಪೆನಿ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ 2 ವರ್ಷಗಳೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರು ಬೇಕೆಂಬ ಕಡ್ಡಾಯವೂ ಇಲ್ಲ. 1915ಕ್ಕೆ ಕರೆ ಮಾಡಿದರೆ ಮಾಹಿತಿ ದೊರೆಯುತ್ತದೆ.

ದೂರು ಹೇಳುವುದು ಪರದೂಷಣೆಯಾಗುವುದಿಲ್ಲವೇ ಎಂದು ಕೆಲವರು ಅಳುಕುತ್ತಾರೆ. ಅನ್ಯಾಯಕ್ಕೊಳಗಾದವನು ನ್ಯಾಯ ಕೊಡಬಲ್ಲವರಲ್ಲಿ ದೂರುವುದನ್ನು ಇಮಾಮ್ ನವವಿ(ರ)ಯವರು ಅನುಮತಿಯಿರುವ ಆರು ಸಂದರ್ಭಗಳಲ್ಲಿ ಮೊದಲನೆಯದಾಗಿ ಎಣಿಸಿದ್ದಾರೆ. ಆದರೆ ನಡೆದುದಕ್ಕಿಂತ ಹೆಚ್ಚು ಹೇಳಬಾರದು. ಅಂಗಡಿಯ ಕೆಲಸದ ಹುಡುಗನನ್ನು ಬೈಯಬಾರದು.

ವ್ಯಾಪಾರಿ ಸಹೋದರರಿಗೂ ಒಂದು ಮಾತು. ಸಾಲ ಕೊಟ್ಟವನೊಬ್ಬನು ಪ್ರವಾದಿ(ಸ)ಯವರೊಂದಿಗೆ ಒರಟಾಗಿ ಮಾತನಾಡಿದಾಗ ಸಹಾಬಿಗಳು ಅವನ ಮೇಲೆರಗಲು ಹೊರಟರು. ಹಕ್ಕಿರುವವನಿಗೆ ಮಾತನಾಡಲು ಅವಕಾಶವಿದೆ ಎಂದು ಪ್ರವಾದಿ(ಸ)ಯವರು ತಡೆದರು, ಅವನಿಗೆ ಸಲ್ಲಬೇಕಾದುದಕ್ಕಿಂತ ಉತ್ತಮವಾದ ಒಂಟೆಯನ್ನೇ ಕೊಡಿಸಿದರು. ಸಿಟ್ಟಿನಿಂದ ಬಂದ ಗಿರಾಕಿಯನ್ನು ಕಾಣುವಾಗ ನಮಗೆ ಇದು ನೆನಪಾಗಬೇಕು.

ಆ ತಂದೆ ಬಣ್ಣ ಬಳಿಸಲಿಲ್ಲ. ಎರಡು ಪತ್ರಗಳ ಬಳಿಕ ಬೇರೆ ಫ್ರೇಮು ಬಂತು. ಹಳೆಯದನ್ನು ಬಿರುಕು ತೋರಿಸಿಯೇ ಗುಜರಿಗೆ ಕೊಟ್ಟರು. ಸಿಕ್ಕಿದ ಹಣ ಅಲ್ಪ. ಆದರೆ ಅದು ಹಲಾಲ್ ಆಗಿತ್ತು, ಮಗ ಜೊತೆಗೆ ನಿಂತು ನೋಡುತ್ತಿದ್ದನು.