ಮಕ್ಕಳ ಬಾಯಿಹುಣ್ಣು ಮತ್ತು ಒಸಡು: ಕೂಸಿನ ಮನೆಗಳಲ್ಲಿ ವಹಿಸಬೇಕಾದ ಎಚ್ಚರ

ಉದ್ಯೋಗ ಖಾತರಿ ಕೂಲಿಗೆ ತೆರಳುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ 2023ರಿಂದೀಚೆಗೆ ಗ್ರಾಮ ಪಂಚಾಯಿತಿಗಳು ಕೂಸಿನ ಮನೆಗಳನ್ನು ತೆರೆದಿವೆ. ಹರ್ಪಿಸ್ ವೈರಾಣುವಿನ ಮೊದಲ ಸೋಂಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ. ಆದುದರಿಂದ ರಾಜೂರದಂಥ ಗ್ರಾಮಗಳ ಸದಸ್ಯರು ಅದರ ಲಕ್ಷಣಗಳನ್ನು ಅರಿತಿರುವುದು ಅಗತ್ಯ.

ಮೊದಲು ಜ್ವರ ಬರುತ್ತದೆ. ಮಗು ರಚ್ಚೆ ಹಿಡಿಯುತ್ತದೆ, ಜೊಲ್ಲು ಸುರಿಸುತ್ತದೆ. ಎರಡು-ಮೂರು ದಿನಗಳಲ್ಲಿ ಒಸಡು ಕೆಂಪೇರಿ ಊದಿ, ಮುಟ್ಟಿದರೆ ರಕ್ತ ಒಸರುತ್ತದೆ. ನಾಲಿಗೆ, ತುಟಿಗಳ ಮೇಲೆ ಸಣ್ಣ ಗುಳ್ಳೆಗಳೆದ್ದು, ಒಡೆದು ಹುಣ್ಣಾಗುತ್ತವೆ. ಇದನ್ನು ಉಷ್ಣವೆಂದು ಭಾವಿಸಿ ಬಿಳಿಗಾರ ಹಚ್ಚುವುದುಂಟು. ಬಿಳಿಗಾರ ಹೊಟ್ಟೆಗೆ ಸೇರಿದರೆ ಎಳೆಮಕ್ಕಳಿಗೆ ವಿಷ. ಹಿರಿಯರು ಹೇಳಿದರೆಂದು ಸದಸ್ಯರು ಸುಮ್ಮನಿರಬಾರದು.

ಹುಣ್ಣಿಗಿಂತ ಹೆಚ್ಚು ಅಂಜಬೇಕಾದದ್ದು ಮಗು ನೋವಿನಿಂದ ನೀರು ಬಿಡುವುದಕ್ಕೆ. ತಣ್ಣನೆಯ ಹಾಲು, ಆರಿದ ತೆಳು ಗಂಜಿ, ಓಆರ್‌ಎಸ್ ದ್ರಾವಣವನ್ನು ಚಮಚ ಚಮಚವಾಗಿ ಕುಡಿಸಬೇಕು. ಖಾರ, ಹುಳಿ ಬೇಡ. ಆರೆಂಟು ತಾಸು ಮೂತ್ರವಾಗದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವೈರಾಣು ನಿರೋಧಕ ಔಷಧವು ಮೊದಲ ಮೂರು ದಿನಗಳೊಳಗೆ ಆರಂಭವಾದರೆ ಮಾತ್ರ ಹೆಚ್ಚು ಫಲಕಾರಿ. ಆಸ್ಪಿರಿನ್ ಕೊಡಲೇಬಾರದು.

ಹುಣ್ಣುಗಳು 10ರಿಂದ 14 ದಿನಗಳಲ್ಲಿ ಕಲೆಯಿಲ್ಲದೆ ಮಾಯುತ್ತವೆ. ಊತ ಇಳಿದಾಗ ಹಲ್ಲು ಉದ್ದವಾದಂತೆ ಕಂಡು ಪಾಲಕರು ಗಾಬರಿಯಾಗಬಹುದು. ಬಹುಪಾಲು ಮಕ್ಕಳಲ್ಲಿ ಒಸಡು ತನ್ನ ಹಿಂದಿನ ಅಂಚಿಗೆ ಮರಳಿರುತ್ತದೆ, ಅಷ್ಟೇ. ಆದರೆ ಬೇರಿನ ಹಿಡಿತ ತಪ್ಪಿ ನಿಜವಾಗಿ ಕೆಳಸರಿದ ಒಸಡು ತಾನಾಗಿ ಬೆಳೆಯದು. ನೋವಿನ ದಿನಗಳಲ್ಲಿ ಹಲ್ಲುಜ್ಜುವುದನ್ನು ನಿಲ್ಲಿಸಿ, ಆಮೇಲೂ ಮರೆತರೆ, ಕೂಡಿದ ಪಾಚಿಯಿಂದ ಒಸಡು ಕೆಡುತ್ತದೆ. ಮೆತ್ತನೆಯ ಬ್ರಷ್ ಅಥವಾ ಒದ್ದೆ ಬಟ್ಟೆಯಿಂದ ಶುಚಿಗೊಳಿಸುವುದನ್ನು ಬೇಗ ಆರಂಭಿಸಬೇಕು. ತಿಂಗಳಾದರೂ ಬೇರು ಕಾಣುತ್ತಿದ್ದರೆ ದಂತವೈದ್ಯರಿಗೆ ತೋರಿಸಬೇಕು. (ವಯಸ್ಕರ ಒಸಡು ಸರಿಯುವುದಕ್ಕೆ ತಂಬಾಕು ಮತ್ತು ಇದ್ದಿಲುಪುಡಿಯ ಉಜ್ಜಾಟವೂ ಕಾರಣ, ಅದು ಬೇರೆಯೇ ವಿಷಯ.)

ಸೋಂಕು ಜೊಲ್ಲಿನಿಂದ ಹರಡುತ್ತದೆ. ಪ್ರತಿ ಮಗುವಿಗೂ ಬೇರೆ ಲೋಟ, ಚಮಚ ಇರಲಿ. ತುಟಿಯ ಮೇಲೆ ಗುಳ್ಳೆಯಿರುವ ಆರೈಕೆದಾರರು ಮಕ್ಕಳಿಗೆ ಮುತ್ತಿಡಬಾರದು. ಬಾಯಲ್ಲಿಟ್ಟ ಬೆರಳನ್ನು ಮಗು ಕಣ್ಣಿಗೆ ಒಯ್ಯದಂತೆ ಕಾಯಬೇಕು. ಜ್ವರ ಮತ್ತು ಜೊಲ್ಲು ನಿಲ್ಲುವವರೆಗೆ ಮಗು ಮನೆಯಲ್ಲಿರಬೇಕೆಂದರೆ ತಾಯಿಯ ಕೂಲಿ ತಪ್ಪುತ್ತದೆ. ಈ ಕಾರಣಕ್ಕೇ ಕಾಯಿಲೆಯನ್ನು ಮುಚ್ಚಿಡುವ ಸಂಭವವಿದೆ. ಮುಂದಿನ ಕೆಲಸದ ಬೇಡಿಕೆಯಲ್ಲಿ ಆಕೆಯ ಹೆಸರು ಬಿಟ್ಟುಹೋಗದಂತೆ ಸದಸ್ಯರು ಕಾಯಕ ಬಂಧುವಿನೊಡನೆ ಮೊದಲೇ ಮಾತನಾಡಿಕೊಳ್ಳತಕ್ಕದ್ದು.